ತವರಿಗೆ ಹೊರಟ ಸಾಣೆ

ಸೀರೆ ತರುತ್ತೇನೆಂದು ಬನಹಟ್ಟಿಗೆ ಹೋದ ಗಂಡ, ಸೀರೆಯ ಬದಲು ಸೀರೆ ನೇಯುವ ಮಗ್ಗದ ಮುರುಕನ್ನು ಹೊತ್ತುಕೊಂಡು ಬಂದರೆ ಹೆಂಡತಿಯಾದವಳು ನಗಬೇಕೋ, ಅಳಬೇಕೋ, ಇಲ್ಲವೇ ತವರಿನ ಬಸ್ಸು ಹತ್ತಬೇಕೋ? ಸೋಮವ್ವ ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ಇದೇನಿದು?"

"ಲಾಳಿ," ಎಂದ ಗಿರಮಲ್ಲಪ್ಪ.

"ಲಾಳಿ ಅನ್ನೂದು ನನಗೂ ಗೊತ್ತೈತಿ. ನೂಲು ತುಂಬಿ ಮಗ್ಗದಾಗ ಆ ಕಡಿಂದ ಈ ಕಡಿ ಒಗೀತಾರ. ಸೀರಿ ಎಲ್ಲಿ?"

"ನೇಕಾರ ರಾಮಣ್ಣ ಇಲ್ಲೇನು, ಅವ ಕೈಮಗ್ಗ ಬಿಚ್ಚಾಕತ್ತಿದ್ದ. ಮಕ್ಕಳು ಪಾವರ್‌ಲೂಮ್ ಹಾಕ್ಯಾರಂತ. ಈ ಕಬ್ಬಿಣದ ಸಳಿ ನೋಡ, ಎಷ್ಟ ನೆಟ್ಟಗೈತಿ!"

"ಹೌದ್ಹೌದು, ಭಾಳ ನೆಟ್ಟಗೈತಿ. ಸಳಿ ಉಟಗೊಂಡು, ಲಾಳಿ ಮುಡಕೊಂಡು ಮದುವಿಗೆ ಹೋಗ್ತೇನಿ. ಮಂದಿ ಕೇಳಿದ್ರ ಬನಹಟ್ಟಿ ಹೊಸ ಡಿಜೈನ್ ಅಂತ ಹೇಳ್ತೇನಿ!"

ಗಿರಮಲ್ಲಪ್ಪ ಹೆಂಡತಿಯ ಪಕ್ಕದಲ್ಲಿ ಉಳಿದಿದ್ದ ಗೇಣು ಸಂದಿಯಲ್ಲಿ ತೂರಿಕೊಂಡು ಹಿತ್ತಲಿಗೆ ನಡೆದ. (ಇಷ್ಟು ವರ್ಷದ ಸಂಸಾರದಲ್ಲಿ ಅವನು ಕಲಿತ ವಿದ್ಯೆಗಳಲ್ಲಿ ಇದು ಬಹಳ ಮುಖ್ಯವಾದದ್ದು.)

ಚಿಕ್ಕಪಡಸಲಗಿಯಲ್ಲಿ ಗಿರಮಲ್ಲಪ್ಪನ ಒಕ್ಕಲುತನಕ್ಕೆ ಹೆಸರಿಡುವವರು ಯಾರೂ ಇರಲಿಲ್ಲ. ಬ್ಯಾರೇಜಿನ ನೀರಿಗೆ ಕಬ್ಬು ಹಚ್ಚಿ, ಹತ್ತಾರು ಕುರಿ ಕಟ್ಟಿಕೊಂಡು, ನಾಲ್ಕು ಮಂದಿ ಮೆಚ್ಚುವ ಹಾಗೆ ಬಾಳುತ್ತಿದ್ದ. ಆದರೆ ಒಂದು ಕೊರತೆ ಅವನ ಕೈಗೆ ಹುಟ್ಟಿನಿಂದಲೇ ಅಂಟಿಕೊಂಡಿತ್ತು. ಅವನಿಗೆ ಕುಡಗೋಲು ಮಸೆಯಲು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಅಲಗು ಇಟ್ಟ ಕೂಡಲೇ ಅವನ ಮುಂಗೈ ಒಮ್ಮೆ ಮೇಲಕ್ಕೆ ಹೊರಳುತ್ತಿತ್ತು, ಒಮ್ಮೆ ಕೆಳಕ್ಕೆ ಹೊರಳುತ್ತಿತ್ತು. ಮೊಂಡಾಗಿ ಬಂದ ಕುಡಗೋಲು ಅವನ ಕೈಯಲ್ಲಿ ಸೇವೆ ಮಾಡಿಸಿಕೊಂಡು ಇನ್ನಷ್ಟು ಮೊಂಡಾಗಿ ಎದ್ದು ಹೋಗುತ್ತಿತ್ತು.

ಮನೆಯ ಮಾತು ಮನೆಯಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಯ ತವರಾದ ರನ್ನ ಬೆಳಗಲಿಗೆ ಹೋಗಿ, ಹೊಸ ಅಳಿಯನ ಹುರುಪಿನಲ್ಲಿ ಮಾವನ ಕುಡಗೋಲನ್ನು ಮಸೆದು ಕೊಟ್ಟುಬಿಟ್ಟಿದ್ದ. ಮಾವ ಶಿದ್ರಾಮಪ್ಪ ಊರಿನ ಕುರಿಗಾರರಿಗೆಲ್ಲ ಹಿರಿಯ. ಅಂದು ಸಂಜೆ ಹೊಲದಿಂದ ಬಂದ ಮೇವಿನ ಹೊರೆಯನ್ನು ಬಿಚ್ಚಿ ನೋಡಿ, "ಇದು ಕೊಯ್ದದ್ದೋ, ಇಲ್ಲಾ ಎಮ್ಮಿ ಒಮ್ಮಿ ತಿಂದು ಬಿಟ್ಟದ್ದೋ?" ಎಂದು ಕೇಳಿದ. ಓಣಿಯೆಲ್ಲ ನಕ್ಕಿತು. ಅಲ್ಲಿಂದ ಮುಂದೆ ಗಿರಮಲ್ಲಪ್ಪ ಬೆಳಗಲಿಯ ಅಂಗಳಕ್ಕೆ ಕಾಲಿಟ್ಟನೆಂದರೆ, "ಅಳಿಯಾರ ಬಂದ್ರು, ಕುಡಗೋಲ ಒಳಗ ಇಡ್ರೋ!" ಎನ್ನುವುದು ಒಂದು ರೂಢಿಯೇ ಆಯಿತು. ಸೋಮವ್ವನ ತಮ್ಮ ದುಂಡೇಶನಿಗೆ ಹೆಂಡತಿಯಾಗಿ ಕಸ್ತೂರೆವ್ವ ಬಂದ ಮೇಲೆ ಆ ಮಾತಿಗೆ ಒಗ್ಗರಣೆಯೂ ಬಿತ್ತು. ಅವಳು ಕುಡಗೋಲಿನ ಜೊತೆ ಅಡುಗೆಮನೆಯ ಈಳಿಗೆಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು.

ಗಿರಮಲ್ಲಪ್ಪ ಆ ನಗುವನ್ನು ಚಹಾದ ಜೊತೆ ನುಂಗಿಕೊಳ್ಳುತ್ತಿದ್ದ. ಸೋಮವ್ವನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಡನನ್ನು ತಾನು ಏನು ಬೇಕಾದರೂ ಅನ್ನಬಹುದು (ಅನ್ನುತ್ತಲೂ ಇದ್ದಳು, ದಿನಾ), ಆದರೆ ತವರಿನವರು ಅಂದರೆ ಅವಳ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು. ನನ್ನ ಗಂಡನ ಮುಂದೆ ಇವರೆಲ್ಲ ಬಾಯಿ ಮುಚ್ಚಿಕೊಂಡು ನಿಲ್ಲುವ ಒಂದು ದಿನ ಬರಲಪ್ಪಾ ಎಂದು ಬೀರಪ್ಪನಿಗೆ ಅವಳು ಹರಕೆ ಹೊತ್ತು ಎಷ್ಟೋ ವರ್ಷವಾಗಿತ್ತು.

ಹಿತ್ತಲ ಬೇವಿನ ಮರದ ಕೆಳಗೆ ಕೆಲಸ ಶುರುವಾಯಿತು. ಗಿರಮಲ್ಲಪ್ಪ ದುಂಡನೆಯ ಸಾಣೆಕಲ್ಲೊಂದನ್ನು ಎರಡು ಮರದ ಕಾಲುಗಳ ನಡುವೆ ಕೂರಿಸಿದ. (ಆ ಎರಡು ಕಾಲು ಎಲ್ಲಿಂದ ಬಂದವು ಎನ್ನುವುದು ರಾತ್ರಿ ಸೋಮವ್ವ ಹೊರಸಿನ ಮೇಲೆ ಮಲಗಲು ಹೋಗಿ ನೆಲಕ್ಕೆ ಬಿದ್ದಾಗ ತಿಳಿಯಿತು.) ಕಲ್ಲು ತಿರುಗಿಸಲು ಹಳೆಯ ಸೈಕಲ್ಲಿನ ಪೆಡಲ್ಲು. ಕಲ್ಲಿನ ಮುಂದೆ ಅಡ್ಡಡ್ಡ ಬನಹಟ್ಟಿಯ ಸಳಿ. ಸಳಿಯ ಮೇಲೆ ಅತ್ತಿಂದಿತ್ತ ಜಾರುವ ಹಾಗೆ ಲಾಳಿ. ಮೊದಲು ನೂಲಿನ ಕಂಡಿಕೆ ಮಲಗುತ್ತಿದ್ದ ಲಾಳಿಯ ಹೊಟ್ಟೆಯಲ್ಲಿ ಈಗ ಕುಡಗೋಲನ್ನು ಮಲಗಿಸಿ, ಮೇಲಿನಿಂದ ಬೋಲ್ಟು ಬಿಗಿಯಬೇಕು. ಅಲಗು ಎಷ್ಟು ಓರೆಯಾಗಿ ಕಲ್ಲಿಗೆ ತಾಗಬೇಕೆಂದು ಒಮ್ಮೆ ಗೊತ್ತು ಮಾಡಿಟ್ಟರೆ ಮುಗಿಯಿತು. ಆಮೇಲೆ ಹಿಡಿದವನ ಕೈ ನಡುಗಲಿ, ಮೈ ನಡುಗಲಿ, ಹೆಂಡತಿ ಹಿಂದೆ ನಿಂತು ಬಯ್ಯುತ್ತಿರಲಿ, ಆ ಓರೆ ಒಂದು ಕೂದಲಿನಷ್ಟೂ ಬದಲಾಗುವಂತಿರಲಿಲ್ಲ.

"ಬಿಚ್ಚೂ ಮೊದಲ ಮಗ್ಗದಾಗ ಲಾಳಿ ಓಡೂದ ನೋಡ್ಕೋತ ಕುಂತಿದ್ದೆ ಸೋಮಿ," ಎಂದ ಗಿರಮಲ್ಲಪ್ಪ. "ಎಷ್ಟ ಸಲ ಓಡಿದ್ರೂ ಒಂದ ಸಲಾನೂ ಸೊಟ್ಟ ಆಗಲಿಲ್ಲ. ರಾಮಣ್ಣನ ಕೈಗಿಂತಾ ಅದಕ್ಕ ಹಾದಿ ಮುಖ್ಯ ಅನಿಸ್ತು. ನನ್ನ ಕೈಗೂ ಒಂದ ಹಾದಿ ಮಾಡಿ ಕೊಟ್ರ?"

"ಮಾಡ್ರಿ, ಮಾಡ್ರಿ. ಹಾದಿ ಮಾಡ್ರಿ, ಹಳಿ ಹಾಕ್ರಿ, ರೈಲ ಬಿಡ್ರಿ. ನಾ ಮಾತ್ರ ಪೆಡಲ್ ತಿರುವೂದಿಲ್ಲ."

ಹೀಗೆ ಹೇಳಿದ ಸೋಮವ್ವ ಮರುದಿನ ಬೆಳಿಗ್ಗೆ ಪೆಡಲು ತಿರುವುತ್ತ ಕೂತಿದ್ದಳು. ನಗಬೇಕೆಂದೇ ಕೂತಿದ್ದಳು. ಕಲ್ಲು ತಿರುಗಿತು, ಮೇಲೆ ಕಟ್ಟಿದ ಡಬ್ಬಿಯಿಂದ ನೀರು ತೊಟ್ಟಿಕ್ಕಿತು, ಲಾಳಿ ಸಳಿಯ ಮೇಲೆ ಆಚೆ ಹೋಯಿತು, ಈಚೆ ಬಂತು. ಕಿರ್ರೋ ಕರ್ರೋ ಎಂಬ ಗಲಾಟೆಯಿಲ್ಲ. ಮಗು ನಿದ್ದೆಯಲ್ಲಿ ಉಸಿರಾಡಿದಂತೆ ಒಂದೇ ಸಮನೆ ಸುಯ್ ಸುಯ್ ಎಂಬ ಸದ್ದು. ಗಿರಮಲ್ಲಪ್ಪ ಬೋಲ್ಟು ಸಡಿಲಿಸಿ ಕುಡಗೋಲು ಹೊರಗೆ ತೆಗೆದ. ಅಲಗಿನ ತುದಿಯಿಂದ ಬುಡದವರೆಗೆ ಬೆಳ್ಳಿಯ ಎಳೆ ಅಂಟಿಸಿದ ಹಾಗೆ ಒಂದು ಗೆರೆ. ಎಲ್ಲೂ ದಪ್ಪವಾಗಿಲ್ಲ, ಎಲ್ಲೂ ತೆಳುವಾಗಿಲ್ಲ.

ಸೋಮವ್ವ ಹುಲ್ಲಿನ ಒಂದು ಎಸಳು ಹಿಡಿದು ಅಲಗಿನ ಮೇಲೆ ಸುಮ್ಮನೆ ಇಳಿಬಿಟ್ಟಳು. ಒತ್ತಲಿಲ್ಲ, ಎಳೆಯಲಿಲ್ಲ. ಎಸಳು ಎರಡಾಗಿ ಕೆಳಗೆ ಬಿತ್ತು.

ಇನ್ನೊಂದು ಎಸಳು ತಂದಳು. ಅದೂ ಬಿತ್ತು. ಒಳಗೆ ಓಡಿ ಈಳಿಗೆಯನ್ನು ತಂದು ಲಾಳಿಗೆ ಕಟ್ಟಿಸಿದಳು. ಸಾಣೆಯಾದ ಈಳಿಗೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದಳು. ಉಳ್ಳಾಗಡ್ಡಿಗೆ ತಾನು ಹೆಚ್ಚಿಸಿಕೊಂಡದ್ದು ತಿಳಿಯಲೇ ಇಲ್ಲವೇನೋ, ಮುಗಿಯುವ ತನಕ ದುಂಡಗೆ ಹಾಗೇ ನಿಂತಿತ್ತು. ಬೆರಳಲ್ಲಿ ಮುಟ್ಟಿದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಉರುಳಿತು. ಒಂದು ಬಿಲ್ಲೆಯನ್ನು ಎತ್ತಿ ಸೂರ್ಯನಿಗೆ ಹಿಡಿದರೆ ಆಚೆ ಬದಿಯ ಬೇವಿನ ಮರ ಕಾಣಿಸಿತು.

ಸೋಮವ್ವನ ಕಣ್ಣಲ್ಲಿ ನೀರು ಬಂತು. ಉಳ್ಳಾಗಡ್ಡಿಯದಲ್ಲ.

"ಏನ್ರೀ," ಎಂದಳು, ಮದುವೆಯಾದಂದಿನಿಂದ ಬಳಸದಿದ್ದ ಮೆತ್ತನೆಯ ದನಿಯಲ್ಲಿ, "ಚಹಾ ಮಾಡ್ಲ್ಯಾ?"

ಅವಳಿಗೆ ನಿಜವಾಗಿಯೂ ಬೆರಗಾಗಿತ್ತು. ಇಷ್ಟು ವರ್ಷ ಒಂದೇ ತಾಟಿನ ಎದುರು ಕೂತು ರೊಟ್ಟಿ ಮುರಿದ ಮನುಷ್ಯನ ತಲೆಯೊಳಗೆ ಇಂಥದ್ದೊಂದು ಇತ್ತೇ, ತನಗೆ ಕಾಣಲಿಲ್ಲವೇ ಎಂದು ಚಹಾ ಸೋಸುತ್ತ ಮತ್ತೆ ಮತ್ತೆ ಅಂದುಕೊಂಡಳು.

ಪಕ್ಕದ ಮನೆಯ ಕರೆವ್ವ ಮೊದಲು ಕೊಡಲಿ ತಂದಳು. ಅವಳ ಬೆನ್ನ ಹಿಂದೆ ಕಬ್ಬು ಕಡಿಯುವ ಕೊಯ್ತಾಗಳು ಬಂದವು, ಅವುಗಳ ಹಿಂದೆ ಕಳೆ ತೆಗೆಯುವ ಕುರಪಿಗಳು ಬಂದವು. ವಾರದೊಳಗೆ ಬೇವಿನ ಬುಡ ಒಂದು ಕ್ಷೇತ್ರವಾಯಿತು. ಸೋಮವ್ವ ಅದರ ಪೂಜಾರಿಯಾದಳು. ಬಂದವರಿಗೆ ಚಪ್ಪಲಿ ಹೊರಗೆ ಬಿಡಲು ಹೇಳುತ್ತಿದ್ದಳು. ಲಾಳಿಯ ಮಹಿಮೆಯನ್ನು ವಿವರಿಸಿ, ಅಲಗಿನ ದರ್ಶನ ಮಾಡಿಸಿ, ಎಸಳಿನ ಪವಾಡ ತೋರಿಸುತ್ತಿದ್ದಳು. ಯಾರಾದರೂ ಗಿರಮಲ್ಲಪ್ಪನನ್ನೇ ನೇರವಾಗಿ ಏನಾದರೂ ಕೇಳಿದರೆ ಅವನು ಬಾಯಿ ತೆರೆಯುವ ಮೊದಲೇ ಸೋಮವ್ವ ಉತ್ತರ ಹೇಳಿ ಮುಗಿಸಿರುತ್ತಿದ್ದಳು.

"ನೀನಽ ಮಾಡಿದಂಗ ಹೇಳ್ತೀಯಲ್ಲಬೇ," ಎಂದಳು ಕರೆವ್ವ.

"ಹೊರಸಿನ ಕಾಲು ಯಾರವು? ನನ್ನವಲ್ಲೇನು?" ಎಂದಳು ಸೋಮವ್ವ.

ಅದೇ ಸಮಯಕ್ಕೆ ಬೆಳಗಲಿಯಿಂದ ದುಂಡೇಶನ ಫೋನು ಬಂತು. ದೀಪಾವಳಿ ಮುಗಿದಿದೆ, ಕುರಿಗಳ ಉಣ್ಣೆ ಕತ್ತರಿಸುವ ದಿನ ಗೊತ್ತಾಗಿದೆ, ಅಕ್ಕ ಭಾವ ಇಬ್ಬರೂ ಬರಬೇಕು. ಸೋಮವ್ವನಿಗೆ ಬೀರಪ್ಪ ತನ್ನ ಹರಕೆಯ ಫಲವನ್ನು ಮೊಬೈಲಿನಲ್ಲಿ ಮುಟ್ಟಿಸಿದ ಹಾಗಾಯಿತು.

"ಸಾಣಿ ತಗೊಂಡ ಹೋಗೂಣು," ಎಂದಳು.

"ಎಲ್ಲಿಗೆ?"

"ನಮ್ಮ ತವರಮನಿಗೆ. ಅವರ ಕುಡಗೋಲು ಒಳಗ ಇಡ್ತಾರಲ್ಲ, ಅವನ್ನ ಅವರಽ ಹೊರಗ ತಂದು ಕೈ ಮುಗಿದು ಕೊಡಬೇಕು."

"ಭಾಳ ಒಜ್ಜಿ ಐತಿ ಸೋಮಿ..."

"ನನ್ನ ಎದಿ ಮ್ಯಾಲಿನ ಒಜ್ಜಿಗಿಂತಾ ಹೆಚ್ಚೇನು?"

ಸಾಣೆಕಲ್ಲು ಗೋಣಿಚೀಲದಲ್ಲಿ ಗಿರಮಲ್ಲಪ್ಪನ ಹೆಗಲೇರಿತು. ಹೊರಸಿನ ಕಾಲುಗಳು ಬಸ್ಸಿನ ನೆತ್ತಿಯೇರಿದವು. ಲಾಳಿಯನ್ನು ಮಾತ್ರ ಸೋಮವ್ವ ಹೊಸ ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಜಮಖಂಡಿಯಿಂದ ಮುಧೋಳದವರೆಗೆ ಪಕ್ಕದ ಸೀಟಿನ ಮುದುಕಿ ಅದನ್ನು ಕೂಸೆಂದೇ ತಿಳಿದಿದ್ದಳು. ಇಳಿಯುವಾಗ, "ಭಾಳ ಶ್ಯಾಣ್ಯಾ ಐತಿ ನಿನ್ನ ಕೂಸು, ಒಮ್ಮೀನೂ ಅಳಲಿಲ್ಲ ನೋಡ," ಎಂದು ಹರಸಿ ಹೋದಳು.

ಬೆಳಗಲಿಯ ಅಂಗಳದಲ್ಲಿ ರೂಢಿಯ ಮಾತು ರೂಢಿಯಂತೆ ಕೇಳಿಬಂತು. ಕಸ್ತೂರೆವ್ವ ಈಳಿಗೆ ಮುಚ್ಚಿಕೊಂಡು ರೂಢಿಯಂತೆ ಒಳಗೆ ಓಡಿದಳು. ಸೋಮವ್ವ ಸಿಟ್ಟಾಗಲಿಲ್ಲ. ಮುಗುಳ್ನಗುತ್ತ ಕಟ್ಟೆಯ ಮೇಲೆ ಸಾಣೆಯನ್ನು ಹೂಡಿಸಿದಳು. ತಾನೇ ಒಳಗೆ ಹೋಗಿ, ಮನೆಯಲ್ಲಿದ್ದುದರಲ್ಲೇ ತೀರ ಹಳೆಯದಾದ, ಹಲ್ಲು ಬಿದ್ದ ಒಂದು ಕುಡಗೋಲನ್ನು ಆರಿಸಿ ತಂದಳು.

ಕಲ್ಲು ತಿರುಗಿತು. ಲಾಳಿ ಓಡಿತು.

ಮೊದಲು ನಕ್ಕವರು ಕಟ್ಟೆಯ ಸುತ್ತ ಸೇರಿದರು. ಸೇರಿದವರು ಬಗ್ಗಿದರು. ಬಗ್ಗಿದವರು ಮಾತು ನಿಲ್ಲಿಸಿದರು. ಹುಲ್ಲಿನ ಎಸಳು ಎರಡಾಗಿ ಬಿದ್ದಾಗ ಗುಂಪಿನಿಂದ ಹೊರಟ ಉದ್ಗಾರ ಒಂದೇ: "ಯಪ್ಪಾ!" ಕಸ್ತೂರೆವ್ವ ಒಳಗಿನಿಂದ ಈಳಿಗೆಯನ್ನು ತಂದು, ಎರಡೂ ಕೈಯಲ್ಲಿ ಹಿಡಿದು, "ಕಾಕಾರ, ಇದಕ್ಕೊಂದೀಟು..." ಎಂದು ಗಿರಮಲ್ಲಪ್ಪನ ಮುಂದೆ ನಿಂತಳು. ಸೋಮವ್ವ ಆ ಹೊತ್ತಿನಲ್ಲಿ ನೆಲದಿಂದ ಅರ್ಧ ಮೊಳ ಮೇಲೆ ಇದ್ದಳು ಎಂದರೆ ಹೆಚ್ಚು ಹೇಳಿದಂತಾಗುವುದಿಲ್ಲ.

ಶಿದ್ರಾಮಪ್ಪ ಸಳಿಯ ಮೇಲೆ ಬೆರಳಾಡಿಸಿದ. ಲಾಳಿಯನ್ನು ಆಚೆ ಈಚೆ ಜಾರಿಸಿ ನೋಡಿದ. ಕುಡಗೋಲಿನ ಬಾಯಿಯನ್ನು ಹೆಬ್ಬೆರಳಿನ ಮೇಲೆ ಅಡ್ಡ ಇಟ್ಟು, ಕಣ್ಣು ಮುಚ್ಚಿ ಹರಿತ ನೋಡಿದ. ಆಮೇಲೆ ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಕರಿಕಂಬಳಿಯ ತುಂಡಿನಲ್ಲಿ ಸುತ್ತಿದ ಉಣ್ಣೆ ಕತ್ತರಿ ಇತ್ತು.

ಗುಂಪು ಹಿಂದೆ ಸರಿಯಿತು. ಅದು ಅವನ ಅಜ್ಜನ ಕತ್ತರಿ. ಆ ಮನೆತನದಲ್ಲಿ ಬೀರಪ್ಪನ ಹೆಸರಿಗೆ ಬಿಟ್ಟ ಟಗರಿನ ಉಣ್ಣೆಯನ್ನು ಆ ಕತ್ತರಿಯಲ್ಲೇ ಮೊದಲು ಕತ್ತರಿಸಬೇಕು. ಆ ಉಣ್ಣೆ ದೇವರ ಕಂಬಳಿಗೆ. ಅದಾಗುವ ತನಕ ಓಣಿಯ ಯಾವ ಕುರಿಯ ಮೈಗೂ ಕತ್ತರಿ ತಾಗುವಂತಿಲ್ಲ. ಮನೆಯ ಹೆಂಗಸರು ಉಣ್ಣೆ ಹಿಂಜುತ್ತಿದ್ದರು, ನೂಲುತ್ತಿದ್ದರು, ಆದರೆ ಆ ಕತ್ತರಿಯನ್ನು ಮುಟ್ಟಿದವರಲ್ಲ. ಶಿದ್ರಾಮಪ್ಪ ಅದನ್ನು ಇನ್ನೊಬ್ಬ ಗಂಡಸಿನ ಕೈಗೆ ಕೊಟ್ಟದ್ದನ್ನೂ ಯಾರೂ ಕಂಡಿರಲಿಲ್ಲ.

"ಅಳಿಯಾರ," ಎಂದ ಅವನು. "ನನ್ನ ಕಣ್ಣ ಮಂಜಾಗ್ಯಾವ. ಇದಕ್ಕ ಈ ವರ್ಷ ಸಾಣಿ ನೀವ ಹಿಡೀರಿ."

ಸೋಮವ್ವ ಇಂಥ ಮಾತನ್ನು ತವರಿನ ಅಂಗಳದಲ್ಲಿ ಕೇಳುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಗಿರಮಲ್ಲಪ್ಪ ಮಾತ್ರ ಕತ್ತರಿಯನ್ನು ಬಿಚ್ಚಿ ನೋಡಿ, ಮತ್ತೆ ಕಂಬಳಿಯಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟ. "ಮೊದಲ ಟಗರ ತೊಳಕೊಂಡ ಬರ್ತೇವ್ರಿ ಮಾವಾರ. ಆಮ್ಯಾಲ ಸಮಾಧಾನದಿಂದ ಕುಂತು ಹಿಡೀತೇನಿ," ಎಂದ. ಹೊರಡುವ ಮುಂಚೆ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ, "ಕತ್ತರಿ ಮಾತ್ರ ಮುಟ್ಟಬ್ಯಾಡ. ಅದರ ಲೆಕ್ಕ ಬ್ಯಾರೆ ಐತಿ," ಎಂದ. ದುಂಡೇಶ, ಶಿದ್ರಾಮಪ್ಪ, ಗಿರಮಲ್ಲಪ್ಪ ಮೂವರೂ ಟಗರು ಹೊಡೆದುಕೊಂಡು ಕಾಲುವೆಯ ಕಡೆ ಹೋದರು.

ಉಳಿದವರು ಹೆಂಗಸರು, ಸಾಣೆ, ಮತ್ತು ಕತ್ತರಿ.

"ಅಕ್ಕಾರ," ಎಂದಳು ಕಸ್ತೂರೆವ್ವ, "ಕಾಕಾರಿಗೆ ಕತ್ತರಿ ಹಿಡಿಯೂದು ಬರೂದಿಲ್ಲೋ ಏನೋ. ಅದಕ್ಕಽ ಮುಂದ ಹಾಕಿ ಹೋದ್ರು ಅನಸ್ತೈತಿ."

ಅವಳು ಅಂದದ್ದು ಇಷ್ಟೇ. ಕೆಟ್ಟ ಮನಸ್ಸಿನಿಂದ ಅಂದಳೋ, ಸುಮ್ಮನೆ ಅಂದಳೋ, ಆ ಬೀರಪ್ಪನೇ ಬಲ್ಲ. ಸೋಮವ್ವನ ಹೊಟ್ಟೆಯಲ್ಲಿ ಹಳೆಯ ಕೆಂಡಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

"ಬರೂದಿಲ್ಲ? ಅವರಿಗೆ? ಲೇ ಕಸ್ತೂರಿ, ಈ ಲಾಳಿ ಇದ್ರ ಅವರ ಕೈ ಸೈತ ಬೇಕಾಗೂದಿಲ್ಲ. ನಾನಽ ಹಿಡೀತೇನಿ. ಪೆಡಲ್ ತಿರುವು!"

ಸೆರಗು ಸೊಂಟಕ್ಕೆ ಸಿಗಿಸಿ, ಬೀರಪ್ಪನನ್ನು ನೆನೆದು ಕತ್ತರಿಯನ್ನು ಅಗಲಿಸಿದಳು. ಒಂದು ಅಲಗನ್ನು ಲಾಳಿಯ ಹೊಟ್ಟೆಯಲ್ಲಿ ಮಲಗಿಸಿ ಬೋಲ್ಟು ಬಿಗಿದಳು. ಹೊರಮೈ ಸಾಣೆಯಾಯಿತು. ಥಳಥಳ ಹೊಳೆಯಿತು. ಅವಳು ಅಲಗನ್ನು ಬಿಚ್ಚಿ, ಮಗುಚಿ, ಒಳಮೈ ಮೇಲೆ ಮಾಡಿ ಮತ್ತೆ ಕಟ್ಟಿದಳು.

"ಅಕ್ಕಾರ, ಮಾವ ಹೊರಗಿನ ಮೈ ಅಷ್ಟ ಮಸೀತಿದ್ರು," ಎಂದಳು ಕಸ್ತೂರೆವ್ವ.

"ಅದು ಹಳೇ ಕಾಲ. ಕುಡಗೋಲಿಗೆ ಎರಡೂ ಮೈ ಹಿಡದೇವಿಲ್ಲೋ? ಎಷ್ಟ ಹರಿತ ಆತು! ಕತ್ತರಿ ಏನ ಪಾಪ ಮಾಡೈತಿ, ಅದಕ್ಕ ಒಂದಽ ಮೈ? ತಿರುವು ನೀ."

ಎರಡು ಅಲಗು, ನಾಲ್ಕು ಮೈ, ಎಲ್ಲಕ್ಕೂ ಸಮನಾದ ನ್ಯಾಯ ಸಂದಿತು. ಕೊನೆಗೆ ಸೋಮವ್ವ ಒಂದು ಅಲಗನ್ನು ತನ್ನ ಮುಂಗೈ ಮೇಲೆ ಮೆಲ್ಲಗೆ ಸವರಿದಳು. ರೋಮಗಳು ಉದುರಿದವು. ಇನ್ನೊಂದನ್ನು ಸವರಿದಳು. ಅವೂ ಉದುರಿದವು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು. ಒಬ್ಬ ಮುದುಕಿಯಂತೂ ಕತ್ತರಿಗೆ ಕೈಯೆತ್ತಿ ಮುಗಿದಳು. ಸೋಮವ್ವನಿಗೂ ತನ್ನ ಕೆಲಸವನ್ನು ಕಂಡು ಬೆರಗಾಯಿತು. ಕತ್ತರಿಯನ್ನು ಕಂಬಳಿಯಲ್ಲಿ ಸುತ್ತಿ, ಏನೂ ಆಗಿಲ್ಲದವಳ ಹಾಗೆ ಚಹಾ ಕುಡಿಯುತ್ತ ಕೂತಳು.

ಟಗರು ಬಂತು. ಮಿಂದು ಕರ್ರಗೆ ಮಿಂಚುತ್ತಿದ್ದ ಮೈ, ಸುರುಳಿ ಕೊಂಬು, ಪಾಟೀಲನ ನಡಿಗೆ. ಮೈ ಆರಿದ ಮೇಲೆ ಹಣೆಗೆ ಅರಿಸಿನದ ಭಂಡಾರ ಹಚ್ಚಿದರು. ಓಣಿಯ ಕುರಿಗಾರರೆಲ್ಲ ತಮ್ಮ ತಮ್ಮ ಕತ್ತರಿ ಹಿಡಿದುಕೊಂಡು ಸುತ್ತ ಕೂತರು.

"ಮಾವಾರ, ಕತ್ತರಿ ಹಿಡಿಯೂದೈತಿ..." ಎಂದು ಗಿರಮಲ್ಲಪ್ಪ ಏಳುವಷ್ಟರಲ್ಲಿ ಸೋಮವ್ವ ಕಂಬಳಿಯ ಗಂಟನ್ನು ಅಪ್ಪನ ಕೈಯಲ್ಲಿಟ್ಟಳು.

"ಹಿಡದಾಗೈತಿ ಯಪ್ಪಾ. ನಿನ್ನ ಅಳಿಯಾರ ಸಾಣಿ ಅಂದ್ರ ಏನಂತ ಈಗ ನೋಡು."

ಶಿದ್ರಾಮಪ್ಪ ಟಗರಿನ ಹೆಗಲ ಹತ್ತಿರ ಒಂದು ಹಿಡಿ ಉಣ್ಣೆ ಎತ್ತಿ, ಕತ್ತರಿ ಹಾಕಿ, ಮುಚ್ಚಿದ. ಕಚ್ ಎನ್ನಬೇಕಾಗಿತ್ತು. ಎನ್ನಲಿಲ್ಲ. ಕತ್ತರಿ ಮುಚ್ಚಿತ್ತು, ಉಣ್ಣೆ ಎರಡು ಅಲಗುಗಳ ನಡುವೆ ಮಡಚಿಕೊಂಡು ಹಾಯಾಗಿ ಮಲಗಿತ್ತು. ಅವನು ಮತ್ತೆ 'ಬೀರಪ್ಪಾ' ಎಂದು ಹಾಕಿದ. ಉಣ್ಣೆ ಈ ಸಲ ಇನ್ನೊಂದು ಬದಿಗೆ ಮಡಚಿಕೊಂಡಿತು. ಟಗರು ಕತ್ತು ತಿರುಗಿಸಿ, ಏನಾಗುತ್ತಿದೆ ಎಂದು ನೋಡಿತು.

ಮೈಮೇಲಿನ ರೋಮ ಬೋಳಿಸುವ ಕತ್ತರಿ, ಓಣಿಯ ಹೆಂಗಸರೆಲ್ಲ ಕಣ್ಣಾರೆ ಕಂಡ ಕತ್ತರಿ, ಒಂದು ಕುರಿಯ ಉಣ್ಣೆಯನ್ನು ಕತ್ತರಿಸಲೊಲ್ಲದು.

ಶಿದ್ರಾಮಪ್ಪ ಕತ್ತರಿಯನ್ನು ಅಳಿಯನ ಕೈಗೆ ಕೊಟ್ಟ. ಗಿರಮಲ್ಲಪ್ಪ ಅದನ್ನು ಮುಚ್ಚಿ ಆಕಾಶಕ್ಕೆ ಹಿಡಿದ. ಒಂದರ ಮೇಲೊಂದು ಅಂಟಿಕೊಂಡು ಹೋಗಬೇಕಾಗಿದ್ದ ಎರಡು ಬಾಯಿಗಳ ನಡುವೆ ಬೆಳಕಿನ ಒಂದು ಗೆರೆ ಉದ್ದಕ್ಕೂ ಕಾಣುತ್ತಿತ್ತು. ಅವನು ಒಂದು ಸಲ ಹೆಂಡತಿಯ ಮುಖ ನೋಡಿದ. ಒಂದೇ ಸಲ. ಅಷ್ಟರಲ್ಲಿ ಅವನಿಗೆ ಎಲ್ಲ ತಿಳಿಯಿತು. ಅವನಿಗೆ ತಿಳಿಯಿತೆಂದು ಸೋಮವ್ವನಿಗೂ ತಿಳಿಯಿತು.

"ಅಜ್ಜನ ಕತ್ತರಿ ಹೋತು," ಎಂದ ಯಾರೋ. "ಕುಡಗೋಲು ಕೆಡಸ್ತಿದ್ದಾವ ಈಗ ಕತ್ತರೀಗೂ ಬಂದ್ನಪಾ," ಎಂದ ಇನ್ನೊಬ್ಬ, ಸ್ವಲ್ಪ ಮೆತ್ತಗೆ.

"ತಪ್ಪಾತ್ರಿ ಮಾವಾರ," ಎಂದ ಗಿರಮಲ್ಲಪ್ಪ. "ಒಳಮೈಗೂ ಸಾಣಿ ಬಿದ್ದೈತಿ. ಕತ್ತರಿ ಬರೇ ಹರಿತದಿಂದ ಕತ್ತರಸೂದಿಲ್ರಿ, ಎರಡೂ ಒಳಮೈ ಒಂದಕ್ಕೊಂದು ತಿಕ್ಕಿಕೋತ ಹೋಗಬೇಕು. ನನ್ನಿಂದ ತಪ್ಪಾಗೈತಿ. ನಾನಽ ಸರಿ ಮಾಡಿ ಕೊಡ್ತೇನಿ."

ಸೋಮವ್ವ ಸುಮ್ಮನಿದ್ದರೆ ಸಾಕಿತ್ತು. ತಪ್ಪು ಗಂಡನ ಪಾಲಿಗೆ ಹೋಗುತ್ತಿತ್ತು, ಮಾನ ಅವಳಿಗೆ ಉಳಿಯುತ್ತಿತ್ತು. ಆದರೆ ಈ ಮನುಷ್ಯನ ಮಾನಕ್ಕಾಗಿಯೇ ಅಲ್ಲವೇ ಅವಳು ಕಲ್ಲು, ಮರ, ಕಬ್ಬಿಣ ಎಲ್ಲ ಹೊರಿಸಿಕೊಂಡು ಇಷ್ಟು ದೂರ ಬಂದದ್ದು? ಈಗ ಅದನ್ನು ಈ ಅಂಗಳದಲ್ಲೇ ಮಣ್ಣುಪಾಲು ಮಾಡಿ ಹೋಗುವುದೇ?

"ಅವರಲ್ಲ!" ಎಂದು ಚೀರಿದಳು. "ಅವರು ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ರು. ನಾ ಹಿಡದೇನಿ ಯಪ್ಪಾ. ನಾಲ್ಕೂ ಮೈ ನಾನಽ ಹಿಡದೇನಿ."

"ಹೌದ್ರಿ ಮಾವಾ," ಎಂದಳು ಕಸ್ತೂರೆವ್ವ, ಬಹಳ ವಿನಯದಿಂದ. "ಒಳಮೈ ಬ್ಯಾಡ್ರಿ ಅಕ್ಕಾರ ಅಂತ ನಾನೂ ಹೇಳಿದ್ದೆ."

ಶಿದ್ರಾಮಪ್ಪ ಮಗಳನ್ನು ನೋಡಿದ, ಅಳಿಯನನ್ನು ನೋಡಿದ, ಟಗರನ್ನು ನೋಡಿದ. "ಎಷ್ಟ ಹೊತ್ತ ಬೇಕ್ರಿ ಅಳಿಯಾರ?" ಎಂದಷ್ಟೇ ಕೇಳಿದ.

"ಹೊತ್ತ ಮುಳಗೂದರಾಗ ಆಗತೈತ್ರಿ."

"ಹಂಗಾದ್ರ ಕಾಯೋಣು. ಅಲ್ಲೀತನಕ ದೇವರ ಟಗರ ಮೈ ಹೊಲಸ ಆಗಬಾರ್ದು. ಕುಂಡ್ರಸಬ್ಯಾಡ್ರಿ, ಮಲಗಸಬ್ಯಾಡ್ರಿ. ಹಿಡಕೊಂಡು ನಿಂದ್ರಾವ್ರು ಯಾರು?"

ಓಣಿಯ ಅಷ್ಟೂ ಕಣ್ಣು ಸೋಮವ್ವನ ಕಡೆ ತಿರುಗಿದವು. ದುಂಡೇಶ ಹಗ್ಗವನ್ನು ತಂದು ಅಕ್ಕನ ಕೈಗೆ ಕೊಟ್ಟ.

ಗಿರಮಲ್ಲಪ್ಪ ಕತ್ತರಿಯ ನಡುವಿನ ಮೊಳೆ ತೆಗೆದು ಅಲಗುಗಳನ್ನು ಬೇರೆ ಮಾಡಿದ. ಕಟ್ಟೆಯ ಹಾಸುಗಲ್ಲಿನಲ್ಲಿ ಕನ್ನಡಿಯಷ್ಟು ಸಮನಾಗಿದ್ದ ಒಂದು ಜಾಗ ಹುಡುಕಿ, ನೀರು ಚಿಮುಕಿಸಿ, ಅಲಗಿನ ಒಳಮೈಯನ್ನು ಬೋರಲಾಗಿ ಇಟ್ಟು ತಿಕ್ಕತೊಡಗಿದ. ಓರೆಯೇ ಬೇಡವಾದ ಕೆಲಸ ಅದು. ಚಪ್ಪಟೆ ಕಲ್ಲಿನ ಮೇಲೆ ಚಪ್ಪಟೆ ಅಲಗು ಇಟ್ಟರೆ ಎಂಥ ಸೊಟ್ಟ ಕೈಗೂ ಹೊರಳಲು ಜಾಗವಿಲ್ಲ. ಬೇಕಾದದ್ದು ತಾಳ್ಮೆ. ಅದು ಅವನಲ್ಲಿ ಎಷ್ಟಿತ್ತೆಂದು ಅಂದು ಬೆಳಗಲಿ ಕಂಡಿತು. ಕುರಿಗಾರರು ಒಬ್ಬೊಬ್ಬರೇ ಬಂದು ಅವನ ಸುತ್ತ ಕುಕ್ಕರುಗಾಲಲ್ಲಿ ಕೂತರು. ಯಾರೋ ಅವನ ಕೆಳಗೆ ಕಂಬಳಿ ಹಾಸಿದರು. ಕಸ್ತೂರೆವ್ವ ಚಹಾ ತಂದಳು, ಆಮೇಲೆ ಚುರುಮುರಿಯ ಸುಸಲಾ ತಂದಳು, ಆಮೇಲೆ "ಬೆನ್ನಿಗೆ ದಿಂಬ ಕೊಡ್ಲ್ಯಾರಿ ಕಾಕಾರ?" ಎಂದು ಕೇಳಿದಳು. ಬಿಸಿಲಲ್ಲಿ ನಿಂತ ಸೋಮವ್ವನಿಗೆ ಚಹಾ ಕೊಡುವುದು ಎಲ್ಲರಿಗೂ ಮರೆತುಹೋಯಿತು. (ಕೊಟ್ಟರೂ ಕುಡಿಯುವುದೆಲ್ಲಿ, ಎರಡೂ ಕೈ ಟಗರಿನ ಹಗ್ಗದಲ್ಲಿದ್ದವು.)

ಸೋಮವ್ವ ಗಂಡನ ಬೆನ್ನನ್ನೇ ನೋಡುತ್ತ ನಿಂತಳು. ಆ ಬೆನ್ನು ಬಗ್ಗುತ್ತಿತ್ತು, ಏಳುತ್ತಿತ್ತು. ಒಂದು ಬೈಗುಳವಿಲ್ಲ, ಒಂದು ಗೊಣಗಿಲ್ಲ. ಲಾಳಿ ಕಟ್ಟಿದ್ದು ದೊಡ್ಡದು ಎಂದುಕೊಂಡಿದ್ದೆನಲ್ಲ, ನಾಲ್ಕು ಮಂದಿಯ ಮುಂದೆ 'ನನ್ನಿಂದ ತಪ್ಪಾತು' ಅಂದನಲ್ಲ, ಅದು ಎಷ್ಟು ದೊಡ್ಡದು! ಕಣ್ಣೊರೆಸಿಕೊಳ್ಳಲು ಒಂದು ಕೈ ಎತ್ತಿದಳು. ಆ ಒಂದು ಗಳಿಗೆಯನ್ನೇ ಕಾಯುತ್ತಿದ್ದ ಟಗರು ಮುಂಗಾಲು ಮಡಿಸಿ, ಹಿಂಗಾಲು ಮಡಿಸಿ, ಸಾಣೆಯ ನೀರು ಹರಿದು ಕೆಸರಾಗಿದ್ದ ಜಾಗದಲ್ಲಿ ದೊಪ್ಪನೆ ಮಲಗಿ, ಇನ್ನೊಂದು ಮಗ್ಗುಲಿಗೂ ಅನ್ಯಾಯವಾಗಬಾರದೆಂದು ಹೊರಳಿತು.

ಶಿದ್ರಾಮಪ್ಪ ಕಾಲುವೆಯ ದಿಕ್ಕಿಗೆ ಬೆರಳು ತೋರಿಸಿದ, ಅಷ್ಟೇ.

ಹೊತ್ತು ಮುಳುಗುವ ಮುಂಚೆ ಸೋಮವ್ವ ಟಗರಿನ ಜೊತೆ ತಿರುಗಿ ಬಂದಳು. ಇಬ್ಬರಲ್ಲಿ ಹೆಚ್ಚು ತೊಯ್ದವರು ಯಾರೆಂದು ಹೇಳುವುದು ಕಷ್ಟವಿತ್ತು. ದುಂಡೇಶ ಹಳೆಯ ಕಂಬಳಿಯಿಂದ ಟಗರಿನ ಮೈ ಒರೆಸಿ ಒರೆಸಿ ಒಣಗಿಸಿದ. (ಅಕ್ಕನನ್ನು ಒರೆಸಿಕೋ ಎನ್ನುವವರು ಇರಲಿಲ್ಲ.) ಅಷ್ಟರಲ್ಲಿ ಗಿರಮಲ್ಲಪ್ಪ ಹೊರಮೈಯನ್ನು ಲಾಳಿಗೆ ಕಟ್ಟಿ ಒಂದಿಷ್ಟು ಸಾಣೆ ಕೊಟ್ಟು, ಮೊಳೆ ಕೂರಿಸಿ, ಕತ್ತರಿಯನ್ನು ಮಾವನ ಕೈಗಿಟ್ಟ. ಸೋಮವ್ವ ಟಗರಿನ ಕೊಂಬು ಹಿಡಿದು ಕೂತಳು. ಉಸಿರನ್ನೂ ಹಿಡಿದಿದ್ದಳು.

ಕಚ್.

ಉಣ್ಣೆಯ ಮೊದಲ ಹಿಡಿ ಬುಡದಿಂದ ಬಿಡಿಸಿಕೊಂಡು ಶಿದ್ರಾಮಪ್ಪನ ಅಂಗೈಗೆ ಬಂತು. ಅವನು ಇನ್ನೊಮ್ಮೆ ಹಾಕಿದ, ಮತ್ತೊಮ್ಮೆ ಹಾಕಿದ. ಬೆಣ್ಣೆಯಲ್ಲಿ ಬೆರಳು ಹೋದಂತೆ ಕತ್ತರಿ ಹೋಯಿತು. ಅಂಗಳದಲ್ಲಿ ಕೂತವರೆಲ್ಲ ಒಂದೇ ಸಲ ಉಸಿರು ಬಿಟ್ಟರು. ಶಿದ್ರಾಮಪ್ಪ ಕೈ ನಿಲ್ಲಿಸಿ, ಉಣ್ಣೆಯನ್ನು ಕಣ್ಣಿಗೊತ್ತಿಕೊಂಡು, ಅಳಿಯನ ಕಡೆ ಬಹಳ ಹೊತ್ತು ನೋಡಿದ. ಅವನ ಮಂಜುಗಣ್ಣಿನಲ್ಲಿ ಗೌರವ ತುಂಬಿ ಬಂದಿತ್ತು.

"ಅಳಿಯಾರ," ಎಂದ. "ಇಂಥಾ ಕತ್ತರಿ ನಮ್ಮಜ್ಜನ ಕೈಯಾಗೂ ಆಡಿರಲಿಕ್ಕಿಲ್ಲ. ಒಂದ ಮಾತ ಕೇಳ್ತೇನಿ, ತಪ್ಪ ತಿಳೀಬ್ಯಾಡ್ರಿ."

"ಕೇಳ್ರಿ ಮಾವಾರ."

"ಇಷ್ಟ ವರ್ಷ ಈಕಿ ಕೂಡ ಹೆಂಗ ಬಾಳೇ ಮಾಡಿದ್ರಿ?"

ಅಂಗಳ ಹೋ ಎಂದು ನಕ್ಕಿತು. ಕಸ್ತೂರೆವ್ವ ನಗಲು ಒಳಗೆ ಓಡಿದಳು. ಗಿರಮಲ್ಲಪ್ಪ ಹೆಂಡತಿಯ ಕಡೆ ನೋಡಿದ. ತಲೆಯಿಂದ ನೀರು ಸೋರುತ್ತಿತ್ತು, ಸೆರಗಿನಲ್ಲಿ ಪಾಚಿ ಅಂಟಿತ್ತು, ಕಣ್ಣು ಮಾತ್ರ ಅವನನ್ನು ದೇವರನ್ನು ನೋಡಿದ ಹಾಗೆ ನೋಡುತ್ತಿತ್ತು.

"ಹಂಗ ಅನಬ್ಯಾಡ್ರಿ ಮಾವಾರ," ಎಂದ ಅವನು ನಿಧಾನಕ್ಕೆ. "ಟಗರ ತೊಳಿಯೂದರಾಗ ಆಕಿನ್ನ ಮೀರಸಾವ್ರು ಯಾರೂ ಇಲ್ರಿ."

ಸೋಮವ್ವ ತಲೆ ತಗ್ಗಿಸಿ, ಟಗರಿನ ಕೊಂಬನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಅಪ್ಪನಿಗೆ ಇನ್ನೊಂದು ಮಗ್ಗುಲು ತಿರುಗಿಸಿ ಕೊಟ್ಟಳು.